ಕಂಬಿ ಒಬ್ಬನ ಹೆಗಲಿನದಲ್ಲ

ನಾನು ಕರೂರಿನವನು. ಬಳ್ಳಾರಿ ಜಿಲ್ಲೆ, ಸಿರುಗುಪ್ಪ ತಾಲೂಕು. ಓದಿದ್ದು ಏಳನೇ ಕ್ಲಾಸು. ಈಗ ಐವತ್ತೇಳು ವರ್ಷ. ಆರು ಎಕರೆ ಎರೆಹೊಲ ಇದೆ, ಪೂರ್ತಿ ಮಳೆ ನಂಬಿದ್ದು. ಸಿರುಗುಪ್ಪ ಅಂದ ಕೂಡಲೇ ಎಲ್ಲರಿಗೂ ತುಂಗಭದ್ರಾ ಕಾಲುವೆ, ಭತ್ತದ ಗದ್ದೆ ನೆನಪಾಗುತ್ತದೆ. ಆದರೆ ಕಾಲುವೆ ನೀರು ಏರದ ಹೊಲಗಳೂ ಇಲ್ಲಿ ಬೇಕಾದಷ್ಟಿವೆ. ನನ್ನದು ಅಂಥದ್ದು. ಜೋಳ, ಕಡಲೆ, ಒಮ್ಮೊಮ್ಮೆ ಹತ್ತಿ. ಬರೆದು ರೂಢಿ ಇಲ್ಲ. ಆದರೂ ಈ ಮಾತು ಬರೆಯಬೇಕು ಅನ್ನಿಸಿದ್ದಕ್ಕೆ ಕಾರಣ ನನ್ನ ತಂಗಿಯ ಮಗ.

ಅವನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಹೋದ ದೀಪಾವಳಿಗೆ ಬಂದಾಗ ಮೊಬೈಲಿನಲ್ಲಿ ಒಂದು ಓಟ ತೋರಿಸಿದ. ಅಮೆರಿಕದ ಆರೆಗಾನ್ ಎಂಬಲ್ಲಿ 1982ರಿಂದ ನಡೆಯುತ್ತಿರುವ ಓಟವಂತೆ. ಹುಡ್ ಎಂಬ ಬೆಟ್ಟದಿಂದ ಶುರುವಾಗಿ ಸಮುದ್ರದ ದಂಡೆವರೆಗೆ, ಮುನ್ನೂರು ಕಿಲೋಮೀಟರಿನ ಮೇಲೆ. ಒಂದು ತಂಡಕ್ಕೆ ಹನ್ನೆರಡು ಜನ. ದಾರಿಯನ್ನು 36 ತುಂಡು ಮಾಡಿರುತ್ತಾರೆ. ಒಬ್ಬ ಓಡಿ ಬಂದು ಗೊತ್ತಾದ ಜಾಗದಲ್ಲಿ ಇನ್ನೊಬ್ಬನಿಗೆ ಒಪ್ಪಿಸಬೇಕು. ಹಗಲು, ರಾತ್ರಿ ನಿಲ್ಲುವ ಹಾಗಿಲ್ಲ. ಈಗ ಗುಡ್ಡಗಾಡಿನ ಕಾಲುದಾರಿಯಲ್ಲೂ ಇಂಥ ಓಟ ನಡೆಸುತ್ತಾರಂತೆ.

ನನಗೆ ನಗು ಬಂತು. "ಇದರಾಗ ಹೊಸದೇನೈತಲೇ? ನಿಮ್ಮಜ್ಜ ಕಂಬಿ ಹೊತ್ತು ಶ್ರೀಶೈಲಕ್ಕೆ ಹೋಗ್ತಿದ್ದ. ರಾತ್ರಿಯೆಲ್ಲ ನಡಿಗಿ, ಪಾಳಿ ಮ್ಯಾಲೆ ಹೆಗಲು. ಇದೂ ಅದೇ ಅಲ್ಲೇನು?" ಅಂದೆ.

ಅವನು, "ಅದೇ ಮಾವ. ಆದರ ಅವರು ಕಟ್ಟಳೆ ಬರದು ಇಟ್ಟಾರ. ಕತ್ತಲದಾಗ ಹಣಿ ಮ್ಯಾಲೆ ದೀಪ ಇಲ್ಲದವನ್ನ ಓಡಾಕ ಬಿಡಂಗಿಲ್ಲ. ನಿಮ್ಮ ಕಟ್ಟಳೆ ಎಲ್ಲಿ ಬರದೈತಿ?" ಅಂದ.

ನಾನು ಸುಮ್ಮನಾದೆ. ನಮ್ಮ ಕಟ್ಟಳೆ ಎಲ್ಲೂ ಬರೆದಿರಲಿಲ್ಲ. ಅದು ಬರೆದಿಲ್ಲದ್ದಕ್ಕೆ ನನ್ನ ಸ್ವಂತ ಅಣ್ಣ ಒಮ್ಮೆ ಸಾಯುವಂತಾಗಿತ್ತು. ಅದಕ್ಕೇ ಈಗ ಬರೆಯುತ್ತಿದ್ದೇನೆ.

ನಮ್ಮ ಕಂಬಿ

ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಮಲೆನಾಡು, ಕರಾವಳಿ ಕಡೆಯ ಓದುಗರಿಗಾಗಿ ಹೇಳುತ್ತೇನೆ. ಯುಗಾದಿ ಹೊತ್ತಿಗೆ ಉತ್ತರ ಕರ್ನಾಟಕದ ಊರೂರಿಂದ ಶ್ರೀಶೈಲ ಮಲ್ಲಯ್ಯನಿಗೆ ಪಾದಯಾತ್ರೆ ಹೊರಡುತ್ತದೆ. ಅಲ್ಲಿಯ ಭ್ರಮರಾಂಬೆಯನ್ನು ಕನ್ನಡದವರು ಮನೆಮಗಳು ಅಂತಲೇ ತಿಳಿದಿದ್ದಾರೆ. ಹಬ್ಬಕ್ಕೆ ಮಗಳಿಗೆ ಸೀರೆ, ಕುಪ್ಪಸ, ಅರಿಶಿನ ಕುಂಕುಮ ಒಯ್ಯುವುದು ತವರಿನವರ ಕೆಲಸ. ಹೇಮರಡ್ಡಿ ಮಲ್ಲಮ್ಮ ನಂಬಿದ್ದು ಇದೇ ಮಲ್ಲಯ್ಯನನ್ನು. ಹನ್ನೆರಡನೇ ಶತಮಾನದಲ್ಲಿ ಅಕ್ಕಮಹಾದೇವಿ ಹುಡುಕಿಕೊಂಡು ಹೋದದ್ದೂ ಇದೇ ಬೆಟ್ಟಕ್ಕೆ. ದಾರಿ ಹಳೆಯದು.

ನಮ್ಮ ಕಂಬಿ ಅಂದರೆ ಒಂದು ಬಿದಿರಿನ ಬೊಂಬು, ಎರಡೂ ತುದಿಗೆ ಬುಟ್ಟಿ, ಮೇಲೆ ಕಾವಿ ಬಟ್ಟೆ. ತೂಕ ಹದಿನಾಲ್ಕು ಹದಿನೈದು ಕಿಲೋ ಆಗುತ್ತದೆ. ಹೊರಟ ಮೇಲೆ ತಂಗುವ ಜಾಗ ಬರುವವರೆಗೂ ನೆಲಕ್ಕೆ ಇಳಿಸುವಂತಿಲ್ಲ. ಹೆಗಲಿಂದ ಹೆಗಲಿಗೇ ಹೋಗಬೇಕು. ಬರಿಗಾಲು. ಕೆಲವರು ಮರಗಾಲು ಕಟ್ಟಿಕೊಂಡೂ ಹೋಗುತ್ತಾರೆ. ಅದು ಅವರವರ ಹರಕೆ.

ಯುಗಾದಿ ಹೊತ್ತು ಒಣಬೇಸಾಯದವನಿಗೆ ಬಿಡುವಿನ ಹೊತ್ತು. ಹಿಂಗಾರಿ ಜೋಳ, ಕಡಲೆ ಮನೆಗೆ ಬಂದಿರುತ್ತದೆ. ಮುಂದಿನ ಮಳೆವರೆಗೆ ಮಾಗಿ ಉಳುಮೆ ಬಿಟ್ಟರೆ ಹೊಲದಲ್ಲಿ ಕೆಲಸ ಕಡಿಮೆ. ಹಿಂದಿನವರು ಯಾತ್ರೆಯನ್ನು ಬೇಸಾಯ ನೋಡಿಯೇ ಇಟ್ಟಿದ್ದಾರೆ.

ನಾವು ಆದೋನಿ, ಎಮ್ಮಿಗನೂರು, ಕರ್ನೂಲು, ನಂದಿಕೊಟ್ಕೂರು, ಆತ್ಮಕೂರು ದಾರಿ ಹಿಡಿಯುತ್ತೇವೆ. ಆದೋನಿ, ಆಲೂರು 1953ರವರೆಗೆ ನಮ್ಮ ಬಳ್ಳಾರಿ ಜಿಲ್ಲೆಯವೇ. ಆಮೇಲೆ ಆಂಧ್ರಕ್ಕೆ ಹೋದವು. ಜಿಲ್ಲೆ ಬೇರೆ ಆದರೂ ಅಲ್ಲಿಯ ಜನ ಕಂಬಿ ಕಂಡರೆ ಕೊಡ ತಂದು ಕಾಲಿಗೆ ನೀರು ಹಾಕುತ್ತಾರೆ, ಮಜ್ಜಿಗೆ ಕೊಡುತ್ತಾರೆ. ನಮ್ಮ ಮಲ್ಲಯ್ಯ ಅವರಿಗೆ ಮಲ್ಲನ್ನ. ಊಟಕ್ಕೆ ಖಡಕ್ ರೊಟ್ಟಿ, ಶೇಂಗಾ ಪುಡಿ, ಮಂಡಾಳು ಕಟ್ಟಿಕೊಂಡಿರುತ್ತೇವೆ. ದಾರಿ ಉದ್ದಕ್ಕೂ ದಾಸೋಹವೂ ಇರುತ್ತದೆ. ಆತ್ಮಕೂರಿನವರೆಗೆ ಇದು ಕಷ್ಟದ ದಾರಿಯಲ್ಲ. ಕಷ್ಟ ಶುರುವಾಗುವುದು ಆಮೇಲೆ.

ಅಮಾವಾಸ್ಯೆಯ ಕತ್ತಲು

ವೆಂಕಟಾಪುರ ದಾಟಿದರೆ ನಲ್ಲಮಲೆ ಅಡವಿ. ನಾಗಾರ್ಜುನಸಾಗರ ಶ್ರೀಶೈಲ ಹುಲಿ ರಕ್ಷಿತಾರಣ್ಯ ಇದು, ದೇಶದ ದೊಡ್ಡವುಗಳಲ್ಲಿ ಒಂದು. ಚಿರತೆ, ಕರಡಿ ಎಲ್ಲವೂ ಇವೆ. ಅರಣ್ಯ ಇಲಾಖೆಯವರು ಹಬ್ಬದ ದಿನಗಳಲ್ಲಿ ಮಾತ್ರ ದಾರಿ ಬಿಡುತ್ತಾರೆ. ನಾಗಲೂಟಿಯ ವೀರಭದ್ರ ಗುಡಿ, ಆಮೇಲೆ ಪೆದ್ದಚೆರುವು, ಆಮೇಲೆ ಭೀಮನ ಕೊಳ್ಳ, ಕೊನೆಗೆ ಕೈಲಾಸ ಬಾಗಿಲು. ಒಟ್ಟು ನಲವತ್ತು ಕಿಲೋಮೀಟರು ಗುಡ್ಡದ ಕಾಲುದಾರಿ. ಭೀಮನ ಕೊಳ್ಳ ಆಳದ ಕಣಿವೆ. ಕಲ್ಲಿನ ಮೆಟ್ಟಿಲು ಇಳಿದು ಮತ್ತೆ ಹತ್ತಬೇಕು. ಶ್ರೀಶೈಲಕ್ಕೆ ಮೊದಲು ಮೆಟ್ಟಿಲು ಕಟ್ಟಿಸಿದವನು ಹದಿನಾಲ್ಕನೇ ಶತಮಾನದ ಕೊಂಡವೀಡಿನ ಪ್ರೋಲಯ ವೇಮಾರೆಡ್ಡಿ ಎಂದು ಹೇಳುತ್ತಾರೆ. ಅಷ್ಟು ಹಿಂದಿನಿಂದಲೂ ಜನ ಇಲ್ಲಿ ಏದುಸಿರು ಬಿಡುತ್ತಲೇ ಇದ್ದಾರೆ.

ಮಾರ್ಚ್ ಏಪ್ರಿಲ್ ಬಿಸಿಲಿಗೆ ಆ ಕಲ್ಲು ಕಾದ ಹಂಚಿನಂತಾಗುತ್ತದೆ. ಬರಿಗಾಲವರು ಹಗಲು ನಡೆಯುವುದು ಆಗದ ಮಾತು. ಅದಕ್ಕೇ ಜನ ಸಂಜೆ, ರಾತ್ರಿ ನಡೆಯುತ್ತಾರೆ. ಆದರೆ ಒಂದು ಲೆಕ್ಕ ನೋಡಿ. ಯುಗಾದಿ ಬರುವುದು ಅಮಾವಾಸ್ಯೆಯ ಮರುದಿನ. ಹಬ್ಬಕ್ಕೆ ಮುಟ್ಟಬೇಕು ಅಂದರೆ ಅಡವಿ ದಾಟುವುದು ಅಮಾವಾಸ್ಯೆಯ ಅಕ್ಕಪಕ್ಕದಲ್ಲೇ. ಅಂದರೆ ಬೆಳದಿಂಗಳು ಸಿಕ್ಕುವುದೇ ಇಲ್ಲ. ಬಿಸಿಲು ತಪ್ಪಿಸಿಕೊಳ್ಳಲು ರಾತ್ರಿ ನಡೆಯಬೇಕು, ನಡೆಯುವ ರಾತ್ರಿ ವರ್ಷದಲ್ಲೇ ಕಗ್ಗತ್ತಲು. ಈ ಲೆಕ್ಕ ಮೊದಲು ನನಗೂ ತಲೆಗೆ ಹೋಗಿರಲಿಲ್ಲ.

2016ರ ಆ ರಾತ್ರಿ

2016ರ ಯುಗಾದಿ ಏಪ್ರಿಲ್ 8ಕ್ಕೆ ಬಂದಿತ್ತು. ಹಿಂದಿನ ವರ್ಷ ಬರ, ಆ ವರ್ಷ ಬಿಸಿಲು ಹೇಳತೀರದು. ನಾವು ಹತ್ತೊಂಬತ್ತು ಜನ ಹೊರಟಿದ್ದೆವು. ಹುಡುಗರು ಒಂಬತ್ತು, ನಡುವಯಸ್ಸಿನವರು ಏಳು, ಹಿರಿಯರು ಮೂರು. ನಮ್ಮಣ್ಣ ಹಿರಿಯರ ಲೆಕ್ಕದವನು. ಐವತ್ತನಾಲ್ಕು ವರ್ಷ. ಇಪ್ಪತ್ತು ಸಲ ಕಂಬಿ ಹೊತ್ತವನು.

ನಮ್ಮ ಪಕ್ಕದ ಊರಿನ ಕಂಬಿಯೂ ಅದೇ ದಿನ ಹೊರಟಿತ್ತು. ದಾರಿಯಲ್ಲಿ ನಮ್ಮ ಹುಡುಗರಿಗೂ ಅವರ ಹುಡುಗರಿಗೂ ಮಾತಿಗೆ ಮಾತು ಬೆಳೆಯಿತು. ಯಾರ ಕಂಬಿ ಮೊದಲು ಕೈಲಾಸ ಬಾಗಿಲು ಮುಟ್ಟುತ್ತದೆ ನೋಡೋಣ ಅಂತ. ಹಿರಿಯರು ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಗೆಲ್ಲಬೇಕು ಅನ್ನಿಸಿತ್ತು.

ಪೆದ್ದಚೆರುವಿನಿಂದ ರಾತ್ರಿ ಹತ್ತರ ಸುಮಾರಿಗೆ ಎದ್ದೆವು. ಬಲ ಇದ್ದವರು ಕಂಬಿ ಕಸಿದು ಕಸಿದು ಹೊತ್ತರು. ಟಾರ್ಚ್ ಮೂರಿದ್ದವು, ಮೂರೂ ಮುಂದೆ. ನೀರಿನ ಕ್ಯಾನು ಹುಡುಗರ ಕೈಯಲ್ಲಿ, ಅದೂ ಮುಂದೆ. ಹಿಂದೆ ಯಾರಿದ್ದಾರೆ ಅಂತ ಯಾರೂ ತಿರುಗಿ ನೋಡಲಿಲ್ಲ. ಕತ್ತಲಲ್ಲಿ ಹಿಂದಿನಿಂದ ಹೆಜ್ಜೆ ಸಪ್ಪಳ ಬರುತ್ತಲೇ ಇತ್ತು. ಅವು ನಮ್ಮವರ ಹೆಜ್ಜೆ ಅಂದುಕೊಂಡೆವು. ಬೇರೆ ಊರಿನವರವು ಅಂತ ಆಮೇಲೆ ಗೊತ್ತಾಯಿತು.

ಹೊತ್ತು ಮೂಡುವಾಗ ಕೈಲಾಸ ಬಾಗಿಲಲ್ಲಿ ಕುಳಿತು ಎಣಿಸಿದರೆ ಹದಿನೇಳು ಜನ. ಇಬ್ಬರಿಲ್ಲ. ನಮ್ಮಣ್ಣ ಇಲ್ಲ. ಹದಿನಾರು ವರ್ಷದ ಒಬ್ಬ ಹುಡುಗ ಇಲ್ಲ.

ಆದದ್ದು ಇಷ್ಟು. ಅಣ್ಣನಿಗೆ ಹಿಂದಿನ ದಿನದಿಂದ ಹೊಟ್ಟೆ ಕೆಟ್ಟಿತ್ತು. ಹೇಳಿದರೆ ಹುಡುಗರು ನಗುತ್ತಾರೆ, ಕಂಬಿ ತಡವಾಗುತ್ತದೆ ಅಂತ ಬಾಯಿ ಬಿಟ್ಟಿರಲಿಲ್ಲ. ಮೈಯ ನೀರು ಹೋಗಿ ಭೀಮನ ಕೊಳ್ಳ ಇನ್ನೂ ದೂರ ಇರುವಾಗಲೇ ಮೀನಖಂಡ ಹಿಡಿದುಕೊಂಡು, ವಾಂತಿಯಾಗಿ ಕುಸಿದ. ಆ ಹುಡುಗ ಒಬ್ಬನೇ ನೋಡಿದ್ದು. ಕೂಗಿದನಂತೆ. ನಾವು ಮಲ್ಲಯ್ಯನ ಹೆಸರು ಕೂಗುತ್ತಿದ್ದೆವು, ಕೇಳಿಸಲಿಲ್ಲ. ಹುಡುಗನ ಹತ್ತಿರ ದೀಪ ಇಲ್ಲ, ಒಂದು ಗುಟುಕು ನೀರಿಲ್ಲ. ಆದರೂ ಬಿಟ್ಟು ಬರಲಿಲ್ಲ. ಅಣ್ಣನ ತಲೆ ತೊಡೆ ಮೇಲಿಟ್ಟುಕೊಂಡು ಕತ್ತಲಲ್ಲಿ ಕೂತಿದ್ದ.

ಹಿಂದೆ ಬಂದ ಯಾವುದೋ ದೂರದ ತಾಲೂಕಿನವರು ನೋಡಿ ನೀರು ಕೊಟ್ಟು, ಕಂಬಳಿಯಲ್ಲಿ ಹಾಕಿ, ನಾಲ್ಕು ನಾಲ್ಕು ಜನ ಪಾಳಿ ಮೇಲೆ ಹೊತ್ತು ಕೊಳ್ಳ ಇಳಿಸಿ ಹತ್ತಿಸಿದರು. ನಾವು ಓಡುತ್ತ ಹಿಂದಕ್ಕೆ ಇಳಿದಾಗ ಮೆಟ್ಟಿಲ ಮೇಲೆ ಎದುರಾದರು. ನಾನು ಮಲ್ಲಯ್ಯನ ಕಂಬಿ ಹೊತ್ತು ಮುಂದೆ ಹೋಗಿದ್ದೆ. ನನ್ನ ಒಡಹುಟ್ಟಿದವನನ್ನು ಗುರುತಿಲ್ಲದವರು ಹೊತ್ತು ತಂದರು. ಅವರ ಊರ ಹೆಸರು ಕೇಳುವಷ್ಟೂ ನನಗೆ ಬುದ್ಧಿ ಇರಲಿಲ್ಲ.

ಅಣ್ಣ ಮೂರು ದಿನ ಆಸ್ಪತ್ರೆಯಲ್ಲಿದ್ದ. ಬಾಟಲಿ ಏರಿಸಿದರು. ಇನ್ನೂ ಎರಡು ತಾಸು ತಡವಾಗಿದ್ದರೆ ಕೈಮೀರುತ್ತಿತ್ತು ಅಂದರು. ಬದುಕಿ ಬಂದ. ಆ ಮುಂಗಾರಿಗೆ ಅವನಿಂದ ಕೂರಿಗೆ ಹಿಂದೆ ನಿಲ್ಲಲಾಗಲಿಲ್ಲ. ಮುಂದೆ ಕಂಬಿಗೂ ಬರಲಿಲ್ಲ. ನನ್ನನ್ನು ಒಂದು ಮಾತೂ ಬೈದಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಅಂದಹಾಗೆ, ಕೈಲಾಸ ಬಾಗಿಲು ಮೊದಲು ಮುಟ್ಟಿದ್ದು ನಮ್ಮ ಕಂಬಿಯೇ.

ಆಮೇಲೆ ಹಾಕಿಕೊಂಡ ಕಟ್ಟಳೆ

ಊರಿಗೆ ಬಂದ ಮೇಲೆ ಒಂದು ಸಂಜೆ ಕಟ್ಟೆಗೆ ಕೂತು ಮಾತಾಡಿದೆವು. ಯಾರದು ತಪ್ಪು ಅಂತ ಶುರುವಾದ ಮಾತು ಜಗಳಕ್ಕೆ ಹೋಗುವುದರಲ್ಲಿತ್ತು. ಒಬ್ಬ ಹಿರಿಯರು, "ತಪ್ಪು ಯಾರದೂ ಇರಲಿ, ಮುಂದಿನ ಸಲ ಹೆಂಗ ಅದನ್ನ ಹೇಳ್ರಿ" ಅಂದರು. ಅಂದು ಮಾತಾಡಿದ್ದನ್ನು, ಆಮೇಲಿನ ಯಾತ್ರೆಗಳಲ್ಲಿ ತಿದ್ದಿಕೊಂಡಿದ್ದನ್ನು ಇಲ್ಲಿ ಬರೆಯುತ್ತೇನೆ. ಕಂಬಿ ಇರಲಿ, ದಿಂಡಿ ಇರಲಿ, ರಾತ್ರಿ ಗುಂಪಾಗಿ ನಡೆಯುವ ಯಾರಿಗಾದರೂ ಇದು ಉಪಯೋಗ.

ಒಂದು. ನಿಧಾನದವನು ಮುಂದೆ. ಸಾಲಿನ ವೇಗ ಅವನ ವೇಗ. ಎತ್ತಿನ ಜೋಡಿಯಲ್ಲಿ ಒಂದು ಮಂದ ಇದ್ದರೆ ಚುರುಕಿನದನ್ನು ಹಿಡಿದು ಹೊಡೆಯುತ್ತೇವೆಯೇ ಹೊರತು ಮಂದ ಎತ್ತನ್ನು ನೊಗದಿಂದ ಬಿಚ್ಚಿ ಬಿಟ್ಟು ಹೋಗುವುದಿಲ್ಲ.

ಎರಡು. ಹೆಗಲು ಬದಲಿಸುವುದು ಗಡಿಯಾರ ನೋಡಿ. ಅರ್ಧ ತಾಸಿಗೆ ಒಬ್ಬ. ದಣಿದಾಗ ಬದಲಿಸೋಣ ಅಂದರೆ ಬಲ ಇದ್ದವನು ಕೊಡುವುದಿಲ್ಲ, ದಣಿದವನು ನಾಚಿಕೆಗೆ ಕೇಳುವುದಿಲ್ಲ. ಹೊತ್ತು ಗೊತ್ತಿದ್ದರೆ ಕೇಳುವ ಪ್ರಶ್ನೆಯೇ ಇಲ್ಲ.

ಮೂರು. ಹೆಗಲು ಬದಲಿಸುವಾಗಲೆಲ್ಲ ತಲೆ ಎಣಿಕೆ. ಪ್ರತಿಯೊಬ್ಬನೂ ತನ್ನ ನಂಬರು ಕೂಗಬೇಕು. ಹತ್ತೊಂಬತ್ತು ಅಂತ ಕೇಳಿಸುವವರೆಗೆ ಮುಂದೆ ಹೆಜ್ಜೆ ಇಲ್ಲ.

ನಾಲ್ಕು. ಜೋಡಿ ಕಟ್ಟಬೇಕು. ಒಬ್ಬ ಹಿರಿಯನಿಗೆ ಒಬ್ಬ ಹುಡುಗ. ಬಹಿರ್ದೆಸೆಗೆ ಹೋದರೂ ಜೋಡಿಗೆ ಹೇಳಿಯೇ ಹೋಗಬೇಕು. ಜೋಡಿ ಕಟ್ಟುವುದು ಊರಲ್ಲೇ, ಅಡವಿಗೆ ಬಂದ ಮೇಲಲ್ಲ.

ಐದು. ನೀರು, ಔಷಧಿ ಸಾಲಿನ ಬಾಲದಲ್ಲಿ. ಇದು ನಾವು ಪೆಟ್ಟು ತಿಂದು ಕಲಿತದ್ದು. ಮುಂದೆ ಇರುವವನಿಗೆ ಶಕ್ತಿ ಇರುತ್ತದೆ, ನೀರು ಬೇಕಾಗುವುದು ಹಿಂದೆ ಉಳಿದವನಿಗೆ. ಟಾರ್ಚೂ ಹಾಗೇ. ಒಂದು ಮುಂದೆ, ಒಂದು ನಡುವೆ, ಒಳ್ಳೆಯದು ಹಿಂದೆ. ಬಾಲ ಹಿಡಿಯುವವನು ಗಟ್ಟಿ ಮನುಷ್ಯನಾಗಿರಬೇಕು. ಅವನು ಯಾರನ್ನೂ ದಾಟಿ ಮುಂದೆ ಬರುವಂತಿಲ್ಲ.

ಆರು. ಬರೀ ನೀರು ಸಾಲದು. ಬೆವರಿನಲ್ಲಿ ಉಪ್ಪೂ ಹೋಗುತ್ತದೆ. ಆರೋಗ್ಯ ಕೇಂದ್ರದಲ್ಲಿ ಸಿಗುವ ಓ.ಆರ್.ಎಸ್. ಪೊಟ್ಟಣ ಇಟ್ಟುಕೊಳ್ಳಿ. ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಮಟ್ಟಸ ಇರಲಿ, ರಾಶಿ ಬೇಡ. ಉಪ್ಪು ಹೆಚ್ಚಾದರೆ ಅಪಾಯ. ಮನುಷ್ಯ ತಪ್ಪು ತಪ್ಪು ಮಾತಾಡತೊಡಗಿದರೆ, ಮೈ ಸುಡುತ್ತಿದ್ದರೆ, ಎಚ್ಚರ ತಪ್ಪಿದರೆ ಬಾಯಿಗೆ ಏನೂ ಹಾಕಬೇಡಿ. ಮೈಗೆ ಒದ್ದೆ ಬಟ್ಟೆ, ಗಾಳಿ, ತಕ್ಷಣ ವೈದ್ಯರ ಹತ್ತಿರ.

ಏಳು. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಹಗ್ಗ ಬಿಗಿಯುವುದು ಏನೂ ಬೇಡ. ಅಲುಗಾಡದಂತೆ ಮಲಗಿಸಿ, ಹೊತ್ತು ಆಸ್ಪತ್ರೆಗೆ ಒಯ್ಯಿರಿ. ಹೊಲದಲ್ಲೂ ಇದೇ ನಿಯಮ.

ಎಂಟು. ಒಯ್ದ ಪ್ಲಾಸ್ಟಿಕ್ ವಾಪಸು ತರಬೇಕು, ಅಡವಿಯಲ್ಲಿ ಬೆಂಕಿ ಹಚ್ಚಬಾರದು. ನಮ್ಮ ಬಣವೆಗೆ ಯಾರೋ ಬೀಡಿ ಎಸೆದರೆ ಎಷ್ಟು ಉರಿಯುತ್ತೇವೆ? ಆ ಅಡವಿಯೂ ಯಾರದೋ ಮನೆ.

ಒಂಬತ್ತು. ವಾಪಸು ಬರುವಾಗ ಒಂದು ರಾತ್ರಿ ಪೂರ್ತಿ ಮಲಗಿ, ಆಮೇಲೆ ಬಸ್ಸಿಗೆ ಬರಬೇಕು. ನಿದ್ದೆ ಇಲ್ಲದ ಡ್ರೈವರ್ ಇರುವ ಟೆಂಪೋ ಹತ್ತುವುದಿಲ್ಲ. ನಡೆದು ಹೋಗಿ ಉಳಿದವರು ಗಾಡಿಯಲ್ಲಿ ಸಾಯಬಾರದು.

2017ರಿಂದ ಇದನ್ನೇ ನಡೆಸಿದ್ದೇವೆ. ಅಡವಿ ದಾಟಲು ಮೊದಲಿಗಿಂತ ನಾಲ್ಕೈದು ತಾಸು ಹೆಚ್ಚು ಬೇಕು. ಬೇಕಿದ್ದರೆ ಬೇಕಾಗಲಿ. ಒಂದು ದಿನ ಮುಂಚೆ ಊರು ಬಿಟ್ಟರೆ ಆಯಿತು.

ಹೊಲಕ್ಕೆ ಬಂದ ಪಾಳಿ

ಇದು ಬೇಸಾಯದ ಪತ್ರಿಕೆ, ಇಲ್ಲಿ ಜಾತ್ರೆ ಮಾತು ಯಾಕೆ ಅಂತ ಯಾರಾದರೂ ಕೇಳಬಹುದು. ನನ್ನ ನಿಜವಾದ ಮಾತು ಇಲ್ಲಿಂದಲೇ ಶುರು.

ಎರೆಭೂಮಿಯ ಬಿತ್ತನೆ ಗೊತ್ತಿದ್ದವರಿಗೆ ಗೊತ್ತು. ಹಿಂಗಾರಿ ಮಳೆ ಬಿದ್ದ ಮೇಲೆ ಹೊಲಕ್ಕೆ ಕಾಲಿಡಲು ಬರುವುದಿಲ್ಲ. ಕಾಲಿಡಲು ಬಂತು ಅಂದರೆ ಹದ ಉಳಿಯುವುದು ನಾಲ್ಕೈದು ದಿನ. ಮೇಲ್ಮಣ್ಣು ಒಣಗಿತೆಂದರೆ ಕಡಲೆ ಮೊಳಕೆ ತುಂಡು ತುಂಡಾಗಿ ಬರುತ್ತದೆ. ಆ ನಾಲ್ಕು ದಿನದಲ್ಲಿ ಊರಿಗೆಲ್ಲ ಒಂದೇ ಸಲ ಟ್ರಾಕ್ಟರು ಬೇಕು, ಕೂರಿಗೆ ಬೇಕು, ಆಳು ಬೇಕು. ಹೆಚ್ಚು ಹೊಲ ಇದ್ದವನಿಗೆ ಮೊದಲು ಸಿಗುತ್ತದೆ, ಅವನು ಹೆಚ್ಚು ತಾಸಿನ ಬಾಡಿಗೆ ಕೊಡುತ್ತಾನೆ. ಎರಡೆಕರೆಯವನ ಸರದಿ ಬರುವಾಗ ಹದ ಹೋಗಿರುತ್ತದೆ. ಇದು ಪ್ರತಿ ವರ್ಷದ ಕಥೆ.

ಕಂಬಿಗೆ ಹೋಗುವ ನಮ್ಮಲ್ಲೇ ಎಂಟು ಮನೆಯವರು 2018ರಲ್ಲಿ ಕೂತು ಯೋಚಿಸಿದೆವು. ಅಡವಿಯಲ್ಲಿ ಪಾಳಿ ನಡೆಸಲು ಬರುವ ನಮಗೆ ಹೊಲದಲ್ಲಿ ಯಾಕೆ ಬರಬಾರದು? ಎಂಟು ಮನೆಯದ್ದು ಸೇರಿ ನಲವತ್ತೆರಡು ಎಕರೆ. ಒಂದೇ ಟ್ರಾಕ್ಟರು, ಒಂದೇ ಕೂರಿಗೆ ಮಾತಾಡಿದೆವು. ಟ್ರಾಕ್ಟರು ನಿಲ್ಲುವಂತಿಲ್ಲ, ಕಂಬಿಯ ಹಾಗೆ. ಓಡಿಸುವವರು ಮೂರು ಜನ, ನಾಲ್ಕು ತಾಸಿಗೆ ಒಬ್ಬ ಬದಲು. ಬೀಜ, ಗೊಬ್ಬರ ಹಾಕಲು ಇಬ್ಬಿಬ್ಬರ ಜೋಡಿ. ಮುಂದಿನ ಹೊಲದವನು ಬೀಜಕ್ಕೆ ಔಷಧಿ ಹಚ್ಚಿ, ಬದುವಿನ ಮೇಲೆ ಚೀಲ ಇಟ್ಟುಕೊಂಡು, ಟಾರ್ಚ್ ಹಿಡಿದು ಕಾದಿರಬೇಕು.

ಮತ್ತು ನಿಧಾನದವನು ಮುಂದೆ. ನಮ್ಮಲ್ಲಿ ಒಬ್ಬಾಕೆ ಗಂಡ ಇಲ್ಲದ ಹೆಣ್ಣುಮಗಳು, ಎರಡೆಕರೆ. ಆಕೆಗೆ ಎತ್ತಿಲ್ಲ, ದುಡಿಯುವ ಮಗನಿಲ್ಲ. ಮೊದಲ ಸಾಲು ಬಿದ್ದದ್ದು ಆಕೆಯ ಹೊಲದಲ್ಲಿ. ಆಮೇಲೆ ಮೂರೆಕರೆಯವನು, ಆಮೇಲೆ ನಾಲ್ಕೆಕರೆ. ಕೊನೆಗೆ ಹೆಚ್ಚು ಇದ್ದವರು. ಕಾರಣ ಸರಳ. ಹತ್ತೆಕರೆಯವನಿಗೆ ಎರಡೆಕರೆ ಹದ ತಪ್ಪಿದರೂ ಎಂಟೆಕರೆ ಉಳಿಯುತ್ತದೆ. ಎರಡೆಕರೆಯವಳಿಗೆ ತಪ್ಪಿದರೆ ವರ್ಷವೇ ಹೋಯಿತು.

ಎರಡು ರಾತ್ರಿ, ಒಂದು ಹಗಲಿನಲ್ಲಿ ನಲವತ್ತೆರಡು ಎಕರೆ ಮುಗಿಯಿತು. ಹದದಲ್ಲೇ ಮುಗಿಯಿತು. ರಾತ್ರಿ ಎರಡು ಗಂಟೆಗೆ ಆ ಹೆಣ್ಣುಮಗಳು ಚಹಾ ಕಾಸಿ ಬದುವಿಗೆ ತಂದಳು. "ಅಣ್ಣಾರ, ನನ್ನ ಹೊಲ ಮೊದಲು ಬಿತ್ತಿದ್ದು ನನ್ನ ಜೀವಮಾನದಾಗ ಇದೇ ಮೊದಲು" ಅಂದಳು.

ಎಲ್ಲಾ ಸುಸೂತ್ರ ಅಂತ ಹೇಳುವುದಿಲ್ಲ. ಮರುವರ್ಷ ಹೆಚ್ಚು ಹೊಲದ ಒಂದು ಮನೆಯವರು ನಮ್ಮದು ಮೊದಲಾಗಲಿ ಅಂತ ಹಟ ಹಿಡಿದರು. ನಾವು ಸಡಿಲ ಬಿಟ್ಟೆವು. ಟ್ರಾಕ್ಟರು ಅವರ ಹೊಲದಲ್ಲೇ ರಾತ್ರಿ ಕೆಟ್ಟು ನಿಂತಿತು. ರಿಪೇರಿಯಾಗುವ ಹೊತ್ತಿಗೆ ಒಂದೂವರೆ ದಿನ ಹೋಯಿತು. ಸಣ್ಣ ಹೊಲದ ಮೂವರಿಗೆ ಹದ ತಪ್ಪಿತು. ಅವರ ಮುಖ ನೋಡುವುದು ಕಷ್ಟವಾಯಿತು. ಆಮೇಲೆ ಆ ಮನೆಯವರೇ ಬಂದು, "ಸರದಿ ಚೀಟಿ ಬರದು ಗೋಡಿಗೆ ಹಚ್ಚರಿ" ಅಂದರು. ಈಗ ಪ್ರತಿ ವರ್ಷ ಮಹಾನವಮಿಗೆ ಮೊದಲು ಚೀಟಿ ಹಚ್ಚುತ್ತೇವೆ. ಎಂಟು ಮನೆ ಆರಾಗಿತ್ತು, ಮತ್ತೆ ಒಂಬತ್ತಾಗಿದೆ.

ಕಾಡುಹಂದಿ ಕಾಯುವುದಕ್ಕೂ ಇದೇ ಪಾಳಿ. ಮೊದಲು ಒಬ್ಬೊಬ್ಬರೂ ತಮ್ಮ ತಮ್ಮ ಹೊಲದಲ್ಲಿ ರಾತ್ರಿಯೆಲ್ಲ ಎದ್ದಿರುತ್ತಿದ್ದೆವು. ಈಗ ಇಬ್ಬಿಬ್ಬರು, ನಾಲ್ಕು ತಾಸು, ಎಲ್ಲರ ಹೊಲಕ್ಕೂ ಒಂದು ಸುತ್ತು. ಉಳಿದವರು ಮನೆಯಲ್ಲಿ ನಿದ್ದೆ ಮಾಡುತ್ತಾರೆ.

ಎದುರು ಮಾತಿಗೆ

ಕೆಲವರು ಅನ್ನುತ್ತಾರೆ, ಮಲ್ಲಯ್ಯ ನೋಡಿಕೊಳ್ಳುತ್ತಾನೆ, ಅವನ ದಾರಿಗೆ ಕಟ್ಟಳೆ ಯಾಕೆ ಅಂತ. ಮಲ್ಲಯ್ಯ ನೋಡಿಕೊಂಡ, ಸುಳ್ಳಲ್ಲ. ಒಬ್ಬ ಹುಡುಗನ ರೂಪದಲ್ಲಿ, ಗುರುತಿಲ್ಲದ ಊರಿನವರ ರೂಪದಲ್ಲಿ ನೋಡಿಕೊಂಡ. ಆದರೆ ಮಳೆ ಕೊಡುವವನು ಅವನೇ ಅಂತ ನಾವು ಬದು ಹಾಕುವುದನ್ನು ಬಿಡುತ್ತೇವೆಯೇ?

ಹುಡುಗರು ಅನ್ನುತ್ತಾರೆ, ನಿಧಾನದವರನ್ನು ಯಾಕೆ ಕರೆದೊಯ್ಯಬೇಕು, ಬಲ ಇದ್ದವರೇ ಹೋದರೆ ಬೇಗ ಆಗುತ್ತದಲ್ಲ ಅಂತ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ತುಂಡಾಯಿತು, ಗೇಟು ಕೊಚ್ಚಿಕೊಂಡು ಹೋಯಿತು. ಮೂವತ್ಮೂರು ಗೇಟಿನಲ್ಲಿ ಮೂವತ್ತೆರಡು ನಿಂತೇ ಇದ್ದವು. ಆದರೂ ನೀರು ಹರಿದು ಹೋಯಿತು, ಕಾಲುವೆ ರೈತರು ಎದೆ ಹಿಡಿದುಕೊಂಡು ಕೂತರು. ಒಂದು ವಾರದಲ್ಲಿ ಅಲ್ಲಿ ತಡೆಗೇಟು ಕೂಡಿಸಿದ್ದೂ ಹಗಲು ರಾತ್ರಿ ದುಡಿದವರೇ. ದುರ್ಬಲ ಇರುವಲ್ಲಿ ಕಣ್ಣಿಡದೆ, ಗಟ್ಟಿ ಇರುವುದನ್ನೇ ಎಣಿಸುತ್ತ ಕೂತರೆ ಆಗುವುದು ಹೀಗೆ. ಮತ್ತೆ ಇಂದು ಬಲ ಇರುವ ಹುಡುಗನೇ ಮೂವತ್ತು ವರ್ಷದ ಮೇಲೆ ಸಾಲಿನ ಬಾಲದಲ್ಲಿರುತ್ತಾನೆ. ನಾನು ಇದ್ದೇನಲ್ಲ ಈಗ.

ಇನ್ನೊಂದು ಮಾತು. ಯಾತ್ರೆಗೆ ಸಾಲ ಮಾಡಬೇಡಿ. ಕಾಲು ನಿಮ್ಮವು, ರೊಟ್ಟಿ ನಿಮ್ಮ ಹೊಲದ್ದು. ದೊಡ್ಡ ಬ್ಯಾನರು, ಡಿ.ಜೆ. ಗಾಡಿ ಮಲ್ಲಯ್ಯ ಕೇಳಿಲ್ಲ. ಆ ದುಡ್ಡಿನಲ್ಲಿ ನಾಲ್ಕು ಒಳ್ಳೆ ಟಾರ್ಚ್ ಬರುತ್ತವೆ.

ಬೆಂಗಳೂರಿನ ಅಳಿಯನಿಗೆ ನಾನು ಹೇಳಿದ್ದು ಇಷ್ಟೇ: "ನಿಮ್ಮ ಓಟದಾಗ ಮೊದಲು ಬಂದವರಿಗೆ ಕಪ್ಪು ಕೊಡತಾರ. ನಮ್ಮ ಕಂಬ್ಯಾಗ ಕೊನೆಯವ ಮುಟ್ಟಿದ ಮ್ಯಾಲೇನ ಕಂಬಿ ಮುಟ್ಟಿದಂಗ." ಅವನು ನಕ್ಕು, ಬರುವ ಯುಗಾದಿಗೆ ರಜೆ ಹಾಕಿ ಬರುತ್ತೇನೆ, ಬಾಲ ಹಿಡಿಯುವ ಪಾಳಿ ನನಗೆ ಕೊಡಿ ಅಂದಿದ್ದಾನೆ. ಟಾರ್ಚ್ ಅವನೇ ತರುತ್ತಾನಂತೆ.

ನಿಮ್ಮ ಊರಿನಲ್ಲೂ ಕಂಬಿ, ದಿಂಡಿ, ಪಲ್ಲಕ್ಕಿ ಇರಬಹುದು. ಮುಯ್ಯಾಳಿನ ಪದ್ಧತಿ ಇರಬಹುದು, ಅಥವಾ ಬಿಟ್ಟುಹೋಗಿರಬಹುದು. ಯಾವ ಕಟ್ಟಳೆ ಇತ್ತು, ಯಾವುದು ಮುರಿಯಿತು, ಮುರಿದಾಗ ಏನಾಯಿತು ಅಂತ ಪತ್ರಿಕೆಗೆ ಬರೆಯಿರಿ. ನನ್ನ ಹಾಗೆ ಏಳನೇ ಕ್ಲಾಸಿನ ಅಕ್ಷರ ಇದ್ದರೂ ಸಾಕು. ಬರೆದಿಡದ ಕಟ್ಟಳೆ ಅವಸರದ ರಾತ್ರಿಯಲ್ಲಿ ಯಾರಿಗೂ ನೆನಪಾಗುವುದಿಲ್ಲ.

ನಮ್ಮಣ್ಣನಿಗೆ ಇದನ್ನು ಓದಿ ಹೇಳಿದೆ. ಪೂರ್ತಿ ಕೇಳಿ, "ಆ ಹುಡುಗನ ಬಗ್ಗೆ ಇನ್ನೊಂದೆರಡು ಸಾಲು ಬರೀಬೇಕಾಗಿತ್ತು" ಅಂದ. ಅದನ್ನೂ ಬರೆಯುತ್ತೇನೆ. ಆ ಹುಡುಗ ಈಗ ದೊಡ್ಡವನಾಗಿದ್ದಾನೆ. ನಮ್ಮ ರಾತ್ರಿ ಬಿತ್ತನೆಯಲ್ಲಿ ಟ್ರಾಕ್ಟರು ಓಡಿಸುವ ಮೂವರಲ್ಲಿ ಅವನೂ ಒಬ್ಬ. ಅವನ ಮನೆಯ ಹೊಲ ಮೂರೆಕರೆ, ಸರದಿಯಲ್ಲಿ ಎರಡನೆಯದು. ಆದರೂ ಎಲ್ಲರ ಹೊಲ ಮುಗಿಯುವವರೆಗೆ ಅವನು ಮನೆಗೆ ಹೋಗುವುದಿಲ್ಲ.